ಒಪ್ಪಿಗೆ ಯಾರದು?

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಕಾದು ಕುಳಿತವರಿಗೆಲ್ಲ ಒಂದು ಕಾಗದ ಪರಿಚಿತವಾದುದು. ದಾದಿಯೊಬ್ಬರು ಅದನ್ನು ತಂದು, ಬೆರಳಿನಿಂದ ಒಂದು ಸ್ಥಳವನ್ನು ತೋರಿಸಿ, "ಇಲ್ಲಿ ರುಜು ಹಾಕಿ" ಎನ್ನುತ್ತಾರೆ. ಮಗನೋ ಅಳಿಯನೋ ಓದದೆಯೇ ರುಜು ಹಾಕುತ್ತಾನೆ. ಒಳಗೆ ಮಲಗಿರುವ ತಂದೆಗೆ ತನ್ನ ಹೊಟ್ಟೆಯನ್ನು ಕೊಯ್ಯುತ್ತಾರೆಂಬುದಷ್ಟು ಗೊತ್ತು; ಏಕೆ ಕೊಯ್ಯುತ್ತಾರೆ, ಏನನ್ನು ತೆಗೆಯುತ್ತಾರೆ, ತೆಗೆಯದೆ ಬಿಟ್ಟರೆ ಏನಾದೀತು ಎಂಬುದು ಗೊತ್ತಿಲ್ಲ. "ಅವರಿಗೇಕೆ ಹೇಳಿ ಗಾಬರಿಪಡಿಸುತ್ತೀರಿ?" ಎಂದು ಮನೆಯವರೇ ವೈದ್ಯರನ್ನು ತಡೆದಿರುತ್ತಾರೆ. ಇದನ್ನು ನಾವು ಅಕ್ಕರೆಯೆಂದು ತಿಳಿದಿದ್ದೇವೆ. ಅಕ್ಕರೆಯೇ ಹೌದು. ಆದರೆ ಒಬ್ಬರ ದೇಹದ ವಿಷಯದಲ್ಲಿ ಮತ್ತೊಬ್ಬರು ಒಪ್ಪಿಗೆ ಕೊಡಲು ಅಕ್ಕರೆಯೊಂದೇ ಸಾಕೆ? ಸಾಲದು ಎಂಬುದು ನನ್ನ ಅಭಿಪ್ರಾಯ.

1995ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಬಹುದಿನಗಳ ರಕ್ತಸ್ರಾವದಿಂದ ಬಳಲಿ ವೈದ್ಯರ ಬಳಿಗೆ ಹೋದರು. ನಳಿಕೆಯ ಮೂಲಕ ಉದರದ ಒಳಭಾಗವನ್ನು ನೋಡುವುದಕ್ಕೂ, ಅಗತ್ಯಬಿದ್ದರೆ ಉದರವನ್ನು ತೆರೆಯುವುದಕ್ಕೂ ಒಪ್ಪಿ ರುಜು ಮಾಡಿದರು. ಅವರು ಅರಿವಳಿಕೆಯಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ ಸಹಾಯಕ ವೈದ್ಯರು ಹೊರಬಂದು, ಅಲ್ಲಿ ಕಾದಿದ್ದ ತಾಯಿಯ ಒಪ್ಪಿಗೆಯನ್ನು ಪಡೆದರು. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. ತನ್ನ ದೇಹದಿಂದ ಏನು ಹೋಯಿತೆಂಬುದು ಆಕೆಗೆ ತಿಳಿದದ್ದು ಆಮೇಲೆ.

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2008ರ ಜನವರಿಯಲ್ಲಿ ತೀರ್ಪು ಬಂತು. ವೈದ್ಯರು ರೋಗಿಯ ಹಿತವನ್ನೇ ಬಯಸಿದ್ದರೆಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೂ ಆ ಶಸ್ತ್ರಚಿಕಿತ್ಸೆಯ ಶುಲ್ಕವನ್ನು ನಿರಾಕರಿಸಿ, 25,000 ರೂಪಾಯಿ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ರೋಗಿ ಪ್ರಾಯಕ್ಕೆ ಬಂದವರು, ವಿವೇಚನೆಯುಳ್ಳವರು. ಅವರು ಪ್ರಜ್ಞೆ ತಪ್ಪಿದ್ದು ತಾತ್ಕಾಲಿಕವಾಗಿ. ಆ ಗಳಿಗೆಯಲ್ಲಿ ಪ್ರಾಣಕ್ಕೆ ಅಪಾಯವಿರಲಿಲ್ಲ. ಆದುದರಿಂದ ಅವರು ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿತ್ತು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು.

ಆ ತಾಯಿಯನ್ನು ನೆನೆದರೆ ನನಗೆ ಮರುಕವಾಗುತ್ತದೆ. ಮಗಳನ್ನು ಒಳಗೆ ಬಿಟ್ಟು ಕುಳಿತ ಮುದುಕಿಗೆ "ಅವಳು ಎದ್ದ ಮೇಲೆ ಅವಳನ್ನೇ ಕೇಳಿ" ಎಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ನಮ್ಮಲ್ಲಿ ಎಷ್ಟು ಜನಕ್ಕೆ ಬಂದೀತು?

ಒಪ್ಪಿಗೆ ಕೇಳುವ ಮುನ್ನ ವೈದ್ಯರು ಏನೇನು ಹೇಳಬೇಕೆಂಬುದನ್ನೂ ಅದೇ ತೀರ್ಪು ವಿವರಿಸಿದೆ. ಚಿಕಿತ್ಸೆಯ ಸ್ವರೂಪವೇನು, ಉದ್ದೇಶವೇನು, ಬೇರೆ ದಾರಿಯುಂಟೆ, ಮುಖ್ಯವಾದ ಅಪಾಯಗಳಾವುವು, ಬೇಡವೆಂದರೆ ಏನಾಗಬಹುದು—ಇಷ್ಟು ತಿಳಿಸಬೇಕು. ಎಲ್ಲೋ ಸಾವಿರಕ್ಕೊಬ್ಬರಿಗೆ ಬರುವ ಕೇಡನ್ನೆಲ್ಲ ಹೇಳಿ ಹೆದರಿಸಬೇಕಾಗಿಲ್ಲ. ನೂರಾರು ರೋಗಿಗಳು ಸಾಲುಗಟ್ಟಿ ನಿಂತ ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆಲ್ಲ ವೇಳೆಯೆಲ್ಲಿ ಎಂದು ವೈದ್ಯರು ಕೇಳಬಹುದು. ಅವರ ಕಷ್ಟ ನಿಜವಾದುದು. ಆದರೆ ಓದುಬರಹ ಬಾರದವರಿಗೆ ಹೇಳಿ ಪ್ರಯೋಜನವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಯಾವ ಹೊಲಕ್ಕೆ ಯಾವ ಬೀಜ, ಯಾವ ಮಳೆಗೆ ಬಿತ್ತನೆ ಎಂದು ತೂಗಿ ನೋಡಬಲ್ಲ ರೈತನಿಗೆ ತನ್ನ ಹೊಟ್ಟೆಯೊಳಗಿನ ಗಡ್ಡೆಯ ವಿಷಯ ತಿಳಿಗನ್ನಡದಲ್ಲಿ ಹೇಳಿದರೆ ಅರ್ಥವಾಗದೆ ಹೋಗದು. ರಸ್ತೆಯ ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಬಂದವನ ಮಾತು ಬೇರೆ. ಅಲ್ಲಿ ಪ್ರಾಣ ಉಳಿಸುವುದೇ ಮೊದಲು. 18 ವರ್ಷ ತುಂಬದ ನಿಮ್ಮ ಪರವಾಗಿ ತಂದೆತಾಯಿಗಳು ರುಜು ಹಾಕುವುದೂ ಸರಿಯೆ. ಆದರೆ ನಿಮಗೇನು ಮಾಡುತ್ತಾರೆಂದು ಕೇಳಿ ತಿಳಿಯಲು ನಿಮಗೆ ಯಾರ ಅಡ್ಡಿಯೂ ಇರಬಾರದು.

ಇನ್ನು, ಎಚ್ಚರಗೊಳ್ಳುವ ಭರವಸೆಯೇ ಇಲ್ಲದವರ ಪರವಾಗಿ ಯಾರು ಮಾತನಾಡಬೇಕು? ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ, ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರ ಬದುಕು ಈ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು. 1973ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ, ಕ್ರೂರವಾದ ಹಲ್ಲೆಯೊಂದಕ್ಕೆ ತುತ್ತಾಗಿ ಅವರ ಮೆದುಳು ಘಾಸಿಗೊಂಡಿತು. ಅಂದಿನಿಂದ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ದಾದಿಯರ ತಲೆಮಾರುಗಳೇ ಬದಲಾದವು. ಆರೈಕೆ ಮಾತ್ರ ನಿಲ್ಲಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ನೆಮ್ಮದಿಯಿಂದ ಹೋಗಲು ಬಿಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ಕೂಡದೆಂದರು ದಾದಿಯರು. ಇಷ್ಟು ಕಾಲ ನೋಡಿಕೊಂಡ ಆಸ್ಪತ್ರೆಯವರೇ ಅರುಣಾ ಅವರ ಆಪ್ತರೆಂದು 2011ರಲ್ಲಿ ನ್ಯಾಯಾಲಯ ತೀರ್ಮಾನಿಸಿತು.

ಆ ದಾದಿಯರ ಸೇವೆಗೆ ಕೈಮುಗಿಯಬೇಕು. ಆದರೂ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಇಬ್ಬರೂ ಪ್ರೀತಿಯಿಂದಲೇ ವಾದಿಸಿದರು. ಅರುಣಾ ಸ್ವತಃ ಏನನ್ನು ಬಯಸುತ್ತಿದ್ದರೆಂದು ಹೇಳುವ ಒಂದು ಸಾಲಿನ ಬರಹವೂ ಯಾರ ಬಳಿಯೂ ಇರಲಿಲ್ಲ. ಪರರ ಪರವಾಗಿ ಒಪ್ಪಿಗೆ ಕೊಡುವವರು "ನನಗೇನು ಬೇಕು" ಎಂದು ಕೇಳಿಕೊಳ್ಳದೆ "ಅವರಿಗೆ ಮಾತು ಬಂದಿದ್ದರೆ ಏನೆನ್ನುತ್ತಿದ್ದರು" ಎಂದು ಕೇಳಿಕೊಳ್ಳಬೇಕು. ಅದಕ್ಕೆ ಅವರು ಮೊದಲೇ ಏನಾದರೂ ಹೇಳಿಟ್ಟಿರಬೇಕಷ್ಟೆ.

ಪ್ರಾಯಕ್ಕೆ ಬಂದವರು ಹಾಗೆ ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚಿಯಲ್ಲಿ ಸಾರಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಸಾಕ್ಷಿಗಳ ಎದುರು ಬರೆಯಬಹುದು. 2023ರಲ್ಲಿ ಈ ಕ್ರಮವನ್ನು ಸರಳಗೊಳಿಸಲಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಆದೇಶ ಹೊರಡಿಸಿತು. ಬರೆದವರು ಮಾತ್ರ ವಿರಳ. ಹೊಲಮನೆಗಳ ವಿಷಯದಲ್ಲಿ ಗುಂಟೆಗುಂಟೆಗೂ ಉಯಿಲು ಬರೆದಿಡುವ ಹಿರಿಯರು ಕೂಡ ಈ ಮಾತನ್ನೆತ್ತಿದರೆ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತಾರೆ.