ಮನೆಗೂ ಉಸಿರು ಬೇಕು

ಹಬ್ಬ ಬಂತೆಂದರೆ ಮನೆಗೆ ಸುಣ್ಣ ಬಣ್ಣ. ಗೋಡೆಯ ಬುಡದಲ್ಲೋ ಬೀರುವಿನ ಹಿಂದೆಯೋ ಇದ್ದ ಕಪ್ಪು ಚುಕ್ಕೆಗಳು ಹೊಸ ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಮಳೆಗಾಲ ಬರಲಿ, ಅದೇ ಜಾಗದಲ್ಲಿ ಮತ್ತೆ ಹಾಜರ್! ಅದೇ ಬೂಷ್ಟು.

ಮಕ್ಕಳೇ, ಬೂಷ್ಟು ಒಂದು ಶಿಲೀಂಧ್ರ. ಹಳೆಯ ರೊಟ್ಟಿಯ ಮೇಲೆ, ಉಪ್ಪಿನಕಾಯಿ ಜಾಡಿಯಲ್ಲಿ ನೀವು ನೋಡಿರುವ ಬೂಷ್ಟಿನ ಬಳಗವೇ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವನ್ನು ಪೂರ್ತಿ ಓಡಿಸಲಾಗದು. ಆದರೆ ನೀರಿನ ಪಸೆ ಸಿಗದಿದ್ದರೆ ಅವು ಬೆಳೆಯುವುದಿಲ್ಲ. ಪಸೆ ಸಿಕ್ಕರೆ ಎರಡು ದಿನದಲ್ಲೇ ತಲೆಯೆತ್ತಬಲ್ಲವು. ಆಮೇಲೆ ಮೊಮ್ಮಗನಿಗೆ ಸೀನು, ಅಜ್ಜಿಗೆ ಉಬ್ಬಸ.

ಬೂಷ್ಟಾದರೂ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ಕಾಣದ, ವಾಸನೆಯೂ ಇಲ್ಲದ ಇನ್ನೊಂದು ಅತಿಥಿ ಇದೆ. ಅದರ ಹೆಸರು ರೇಡಾನ್. ಮಣ್ಣು, ಬಂಡೆಗಳಲ್ಲಿ ತುಸು ಯುರೇನಿಯಂ ಇರುತ್ತದೆ. ಅದು ಬಹಳ ನಿಧಾನವಾಗಿ ಕ್ಷಯಿಸುತ್ತಾ ರೇಡಿಯಂ ಆಗಿ, ರೇಡಿಯಂನಿಂದ ಈ ವಿಕಿರಣ ಅನಿಲ ಹುಟ್ಟುತ್ತದೆ. ಬಯಲಿನಲ್ಲಿ ಗಾಳಿಗೆ ಬೆರೆತು ಹಗುರಾಗುತ್ತದೆ. ನೆಲದ ಬಿರುಕಿನಿಂದ ಮುಚ್ಚಿದ ಮನೆಯೊಳಗೆ ನುಗ್ಗಿದರೆ ಅಲ್ಲೇ ಕೂಡುತ್ತದೆ. ಸಿಗರೇಟಿನ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಅನೇಕ ದೇಶಗಳಲ್ಲಿ ಇದೇ ದೊಡ್ಡ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ಜನರ ಗಮನಕ್ಕೆ ಬಂದದ್ದು ಒಂದು ಸ್ವಾರಸ್ಯದ ಘಟನೆಯಿಂದ. 1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿಮೆರಿಕ್ ಅಣು ವಿದ್ಯುತ್ ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಇದ್ದರು. ಅವರು ಬಾಗಿಲು ದಾಟಿದಾಗೆಲ್ಲ ವಿಕಿರಣ ಪತ್ತೆಯ ಯಂತ್ರ ಕೂಗಿಕೊಳ್ಳುತ್ತಿತ್ತು. ಒಂದು ದಿನ ಕೆಲಸಕ್ಕೆ ಬಂದವರು ಒಳಗೆ ಹೋಗದೆ ನೇರ ಯಂತ್ರದ ಮುಂದೆ ನಿಂತರು. ಆಗಲೂ ಕೂಗಿತು! ಅಂದರೆ ವಿಕಿರಣ ಅಂಟಿದ್ದು ಸ್ಥಾವರದಲ್ಲಲ್ಲ, ಮನೆಯಲ್ಲಿ. ಅಳೆದಾಗ ಅವರ ಮನೆಯಲ್ಲಿ ರೇಡಾನ್ ಒಂದು ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ ಇತ್ತು. ಅಲ್ಲಿನ ಪರಿಸರ ಸಂಸ್ಥೆ ಈಗ 4 ಮುಟ್ಟಿದರೇ ಮನೆ ಸರಿಪಡಿಸಿ ಎನ್ನುತ್ತದೆ. ಕುಟುಂಬ ಮನೆ ಬಿಡಬೇಕಾಯಿತು. ದುರಸ್ತಿಯ ನಂತರ ಮರಳಿ ಬಂದರು.

ಅಲ್ಲಿ ಈಗ ಅನೇಕ ಕಡೆ ಹೊಸ ಮನೆ ಕಟ್ಟುವಾಗ ನೆಲದ ಕಾಂಕ್ರೀಟಿನ ಕೆಳಗೆ ಜಲ್ಲಿ ಹರಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಜಲ್ಲಿಯಿಂದ ಒಂದು ಪೈಪನ್ನು ಚಾವಣಿಯ ಮೇಲಕ್ಕೆ ಎಳೆಯುತ್ತಾರೆ. ಅನಿಲ ಮನೆಯನ್ನು ಹೊಗದೆ ಆಕಾಶಕ್ಕೆ ಹೋಗುತ್ತದೆ. ಅಲ್ಲಿ ಮನೆ ಕೊಳ್ಳುವ ನಮ್ಮ ಕನ್ನಡದ ಮಕ್ಕಳೂ ಮೊದಲು ರೇಡಾನ್ ಪರೀಕ್ಷೆ ಮಾಡಿಸುವುದುಂಟು.

ನಮ್ಮಲ್ಲಿ ಅಂಥ ನೆಲಮಾಳಿಗೆಯ ಮನೆಗಳು ಕಡಿಮೆ, ಕಿಟಕಿ ತೆರೆದಿಡುವುದು ರೂಢಿ. ಆದರೂ ಗ್ರಾನೈಟಿನ ನಾಡು ನಮ್ಮದು. ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ಇಲ್ಲಿನ ಮನೆಗಳಲ್ಲೂ ರೇಡಾನ್ ಅಳೆದಿದ್ದಾರೆ. ಗಾಳಿಯಾಡದ ಕೋಣೆಯಲ್ಲಿ ಅದು ಹೆಚ್ಚುತ್ತದೆ. ಹಳೆಯ ಮನೆಗಳ ಗವಾಕ್ಷಿ ಸುಮ್ಮನೆ ಇಟ್ಟದ್ದಲ್ಲ. ಈಗ ಗಾಜಿನ ಕಿಟಕಿ ಬಿಗಿದು, ಎ.ಸಿ. ಹಾಕಿ, ಗವಾಕ್ಷಿಯನ್ನೇ ಮರೆತಿದ್ದೇವೆ.

ಬ್ಯಾಂಕಿನಲ್ಲಿ ಮನೆ ಸಾಲದ ಎಸ್ಟಿಮೇಟುಗಳನ್ನು ಬಹಳ ನೋಡಿದ್ದೇನೆ. ಟೈಲ್ಸಿಗೆ ಇಷ್ಟು, ಪೇಂಟಿಗೆ ಇಷ್ಟು ಎಂದು ಬರೆದಿರುತ್ತಾರೆ. ಪಸೆ ತಡೆಯಲು ಎಷ್ಟು ಎಂಬ ಸಾಲು ಅಪರೂಪ. ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಇಷ್ಟು ಕೇಳಲಿ: ಅಡಿಪಾಯದ ಮೇಲೆ ನೀರು ತಡೆಯುವ ಪದರ ಹಾಕಿದಿರಾ? ನೆಲದ ಬಿರುಕು, ಪೈಪಿನ ಸುತ್ತಲ ಸಂದು ಮುಚ್ಚಿದಿರಾ? ಬಚ್ಚಲಿಗೆ, ಅಡುಗೆಮನೆಗೆ ಹೊರಗೆ ಗಾಳಿ ದಬ್ಬುವ ಫ್ಯಾನ್ ಇದೆಯಾ? ಗಾರೆ ಪೂರ್ತಿ ಒಣಗಿದ ಮೇಲೆ ಪುಟ್ಟಿ ಹಚ್ಚುತ್ತೀರಾ? ಕಟ್ಟುವಾಗ ಇವೆಲ್ಲ ಸುಲಭ, ಅಗ್ಗ. ಆಮೇಲೆ ಗೋಡೆ ಒಡೆಯಬೇಕು, ನೆಲ ಅಗೆಯಬೇಕು.

ಬೂಷ್ಟು ಈಗಾಗಲೇ ಇದ್ದರೆ ಒಣಗಿದ್ದನ್ನು ಕೆರೆಯಬಾರದು, ಕಣಗಳು ಮನೆಯೆಲ್ಲ ಹರಡುತ್ತವೆ. ಮೂಗಿಗೆ ಮಾಸ್ಕ್ ಕಟ್ಟಿ, ಕಿಟಕಿ ತೆರೆದು, ಸೋಪುನೀರಿನ ಬಟ್ಟೆಯಿಂದ ದೊಡ್ಡವರೇ ಒರೆಸಲಿ. ಉಬ್ಬಸ ಇರುವವರು ಆಗ ಆಚೆ ಇರಲಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸಲೇಬಾರದು, ವಿಷಗಾಳಿ ಏಳುತ್ತದೆ. ಪಸೆ ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸದೆ ಬಣ್ಣ ಬಳಿಯುವುದು ದಂಡದ ಖರ್ಚು.

ಅದನ್ನು ಹುಡುಕುವ ಕೆಲಸ ಮಕ್ಕಳಿಗೆ. ಅಜ್ಜನನ್ನು ಜೊತೆಗೆ ಕರೆದುಕೊಳ್ಳಿ. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿಯಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ: ಪೈಪು, ಚಾವಣಿ, ಅಡಿಪಾಯ ನೋಡಿಸಿ. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯೇ ಒದ್ದೆ: ಕಿಟಕಿ ತೆರೆಯಿರಿ, ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಪೇಂಟರ್ ಬರುವ ಮೊದಲೇ ಅಪ್ಪ ಅಮ್ಮನ ಕೈಗೆ ಕೊಡಿ.