ಡಿಕ್ರಿ ಬಂದ ಮರುದಿನ

ಹೊರನಾಡಿನಲ್ಲಿ ನೆಲೆಸಿದ ನಮ್ಮವರ ನಡುವೆ ಕೈಸಾಲದ ವ್ಯವಹಾರ ಬಹುಮಟ್ಟಿಗೆ ನಂಬಿಕೆಯ ಮೇಲೆಯೇ ನಡೆಯುತ್ತದೆ. ಮಗಳ ಮದುವೆಗೆಂದೋ, ಊರಿನಲ್ಲಿ ನಿವೇಶನ ಕೊಳ್ಳಲೆಂದೋ ಒಬ್ಬರು ಕೇಳುತ್ತಾರೆ, ಮತ್ತೊಬ್ಬರು ಕೊಡುತ್ತಾರೆ. ಕಾಗದ ಕೇಳುವುದು ಮರ್ಯಾದೆಯಲ್ಲ ಎಂಬ ಸಂಕೋಚ ಇಬ್ಬರಿಗೂ ಇರುತ್ತದೆ. ಹಣ ಮರಳದಿದ್ದಾಗ ಹಿರಿಯರು ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯನ್ನು ನೆನಪಿಸಿ ಸಮಾಧಾನ ಹೇಳುತ್ತಾರೆ. ಈ ಗಾದೆಯ ಬಗ್ಗೆ ನನಗೆ ತಕರಾರಿದೆ. ಅದರಿಂದ ಉಪಕಾರವಾಗುವುದು ಸಾಲ ತೀರಿಸದವನಿಗೆ. ನ್ಯಾಯಾಲಯದ ಮೆಟ್ಟಿಲು ಹತ್ತುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಹತ್ತುವವರಲ್ಲಿ ಹೆಚ್ಚಿನವರು ನ್ಯಾಯ ತಮ್ಮ ಕಡೆಗಿದೆಯೇ ಎಂಬುದೊಂದನ್ನೇ ಯೋಚಿಸುತ್ತಾರೆ. ತೀರ್ಪು ತಮ್ಮಂತೆಯೇ ಆಯಿತೆನ್ನಿ. ಮರುದಿನ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ವಕೀಲರೂ ಬೇಗ ಎತ್ತುವುದಿಲ್ಲ.

ಭಾರತದಲ್ಲಿ ಕಕ್ಷಿದಾರನ ಕಷ್ಟಗಳು ಮೊದಲಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂದು ಪ್ರಿವಿ ಕೌನ್ಸಿಲ್ 1872ರಲ್ಲಿಯೇ ಗುರುತಿಸಿತ್ತು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ನಿರ್ದೇಶಿಸಬೇಕಾಗಿ ಬಂತು ಎಂದರೆ ರೋಗ ಎಷ್ಟು ಹಳೆಯದೆಂದು ವಾಚಕರೇ ಊಹಿಸಬಹುದು.

ಪ್ರತಿವಾದಿ ಸರಕಾರಿ ನೌಕರನಾದರೆ ‘ಸಂಬಳ ಇದ್ದೇ ಇದೆಯಲ್ಲ’ ಎಂದು ಜನ ಧೈರ್ಯ ತಾಳುತ್ತಾರೆ. ಜಪ್ತಿ ಆದೇಶಗಳು ಬರುವ ಕಚೇರಿಯಲ್ಲಿ ಕುಳಿತವನಾಗಿ ನಾನು ಆ ಧೈರ್ಯವನ್ನು ಸ್ವಲ್ಪ ತಗ್ಗಿಸಬೇಕಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಸಂಬಳದ ಮೊದಲ ಒಂದು ಸಾವಿರ ರೂಪಾಯಿಯನ್ನೂ ಮಿಕ್ಕಿದ್ದರ ಮೂರನೆಯ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ಜಪ್ತಿಗೆ ಲೆಕ್ಕವಾಗುವ ಸಂಬಳ 61,000 ಎಂದಿಟ್ಟುಕೊಂಡರೆ ತಿಂಗಳಿಗೆ ದೊರೆಯುವುದು 20,000. ಅದೂ ಒಟ್ಟು 24 ತಿಂಗಳು ಮಾತ್ರ. ಆಮೇಲೆ ಅದೇ ಡಿಕ್ರಿಗಾಗಿ ಆ ಸಂಬಳವನ್ನು ಮತ್ತೆ ಮುಟ್ಟಲಾಗದು. ಬರಬೇಕಾದುದು ಹತ್ತು ಲಕ್ಷವಾಗಿದ್ದರೂ ಈ ದಾರಿಯಲ್ಲಿ 4,80,000ದ ಆಚೆಗೆ ಹೋಗಲಾಗದು. ಸರಕಾರಿ ನಿವೃತ್ತಿವೇತನ, ಗ್ರಾಚ್ಯುಟಿ, ಭವಿಷ್ಯನಿಧಿಗಳಂತೂ ಜಪ್ತಿಗೆ ಹೊರತು. ಕೃಷಿಕನಾದವನು ವಾಸಿಸುವ ಮನೆಗೂ ರಕ್ಷಣೆಯುಂಟು. ನಿವೃತ್ತನೊಬ್ಬ ತನ್ನ ಗ್ರಾಚ್ಯುಟಿಯನ್ನೇ ಸ್ನೇಹಿತನಿಗೆ ಸಾಲ ಕೊಟ್ಟಿದ್ದರೆ, ಆ ಸ್ನೇಹಿತನ ಗ್ರಾಚ್ಯುಟಿಗೆ ಮಾತ್ರ ಕಾನೂನಿನ ಕಾವಲು! ಈ ವಿನಾಯಿತಿಗಳು ಅನ್ಯಾಯವೆಂದು ನಾನು ಹೇಳಲಾರೆ. ಅವು ಸಾಲಗಾರನ ಹೆಂಡತಿ ಮಕ್ಕಳ ಅನ್ನಕ್ಕಾಗಿ ಇರುವಂಥವು. ಆದಕಾರಣ ಆತನ ಹೆಸರಿನಲ್ಲಿ ನಿವೇಶನವೋ ಬ್ಯಾಂಕಿನ ಠೇವಣಿಯೋ ಇದೆಯೇ, ಅದರ ಮೇಲೆ ಆಗಲೇ ಬೇರೆಯವರ ಸಾಲವಿದೆಯೇ ಎಂಬುದನ್ನು ದಾವೆಗೆ ಮೊದಲೇ ವಿಚಾರಿಸಬೇಕು.

ಕಾಲದ ಮಾತು ಇನ್ನೂ ಕಠಿಣ. ಮರುಪಾವತಿಗೆ ದಿನ ಗೊತ್ತುಮಾಡದ ಕೈಸಾಲಕ್ಕೆ 1963ರ ಪರಿಮಿತಿ ಅಧಿನಿಯಮ ಕೊಡುವುದು ಮೂರು ವರ್ಷ. ಅದು ಹಣ ಕೊಟ್ಟಂದಿನಿಂದ ಓಡತೊಡಗುತ್ತದೆ, ಆತ ‘ಕೊಡುವುದಿಲ್ಲ’ ಎಂದ ದಿನದಿಂದಲ್ಲ. ದಾಕ್ಷಿಣ್ಯಕ್ಕೆ ಸಿಕ್ಕಿ ‘ಬರುವ ದೀಪಾವಳಿಗೆ ನೋಡೋಣ’ ಎಂದು ಮೂರು ದೀಪಾವಳಿ ಕಾದವನ ಹಕ್ಕು ಸದ್ದಿಲ್ಲದೆ ಮುಗಿದಿರುತ್ತದೆ. ವಕೀಲರ ನೋಟೀಸು ಈ ಗಡಿಯಾರವನ್ನು ನಿಲ್ಲಿಸದು. ಅವಧಿ ಮುಗಿಯುವ ಮುನ್ನ ಸಾಲಗಾರ ಸಾಲವನ್ನು ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಕೈಬರಹದ ಎರಡು ಸಾಲು ಸಾಕು. ಅದನ್ನು ಕೇಳಲು ನಾಚುವವರು ಮುಂದೆ ನ್ಯಾಯಾಧೀಶರ ಮುಂದೆ ನಿಂತು ಏನನ್ನು ತೋರಿಸುತ್ತಾರೋ ನನಗೆ ತಿಳಿಯದು.

ಹೊರನಾಡಿಗರಿಗೆ ಇನ್ನೊಂದು ತೊಡಕುಂಟು. ಹಣ ದೆಹಲಿಯಲ್ಲಿ ಕೈ ಬದಲಾಗಿದ್ದರೆ ದಾವೆಯನ್ನು ಇಲ್ಲಿಯೇ ಹೂಡಬಹುದು. ಆದರೆ ಸಾಲಗಾರ ನಿವೃತ್ತನಾಗಿ ಹುಬ್ಬಳ್ಳಿಗೆ ಮರಳಿದ್ದು, ಆಸ್ತಿಯೂ ಅಲ್ಲಿಯೇ ಇದ್ದರೆ, ಗೆದ್ದ ಮೇಲೆ ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಂಡು, ಅಲ್ಲೊಬ್ಬ ವಕೀಲರನ್ನು ಗೊತ್ತುಮಾಡಬೇಕು. ಆತ ಕನ್ನಡದಲ್ಲಿ ಬರೆದುಕೊಟ್ಟ ಪತ್ರವನ್ನು ಇಲ್ಲಿ ಭಾಷಾಂತರ ಮಾಡಿಸಿ ಸಲ್ಲಿಸಬೇಕು. ಇಂಥ ಸಂದರ್ಭದಲ್ಲಿ ದಾವೆಯನ್ನು ಮೊದಲೇ ಹುಬ್ಬಳ್ಳಿಯಲ್ಲಿ ಹೂಡುವುದು ಲೇಸೆಂದು ನನ್ನ ಎಣಿಕೆ. ಪ್ರಯಾಣದ ಖರ್ಚನ್ನೂ ರಜೆಯನ್ನೂ ನ್ಯಾಯಾಲಯದ ಶುಲ್ಕದೊಂದಿಗೆ ಕೂಡಿಸಿ ನೋಡಿಕೊಳ್ಳಲಿ.

ಮೊತ್ತ ಚಿಕ್ಕದಾಗಿದ್ದು, ಸಾಲಗಾರ ಮಾತಿಗಾದರೂ ಸಿಗುವವನಾಗಿದ್ದರೆ, ದಾವೆಗೆ ಮೊದಲೇ ಲೋಕ ಅದಾಲತ್ತಿಗೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಅಲ್ಲಿ ಆಗುವ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ. ಇಬ್ಬರೂ ಒಪ್ಪದಿದ್ದರೆ ಅದು ಏನನ್ನೂ ಹೇರಲಾರದು ಎಂಬುದೇ ಅದರ ಮಿತಿ. ಒಪ್ಪಿದರೂ ‘ಅನುಕೂಲವಾದಾಗ ಕೊಡುವುದು’ ಎಂಬ ಬರಹಕ್ಕೆ ಸಹಿ ಹಾಕಬಾರದು. ಕಂತುಗಳ ದಿನಾಂಕವನ್ನೂ, ಒಂದು ಕಂತು ತಪ್ಪಿದರೆ ಉಳಿದುದೆಲ್ಲ ಒಮ್ಮೆಗೇ ಸಲ್ಲತಕ್ಕದ್ದೆಂಬ ಷರತ್ತನ್ನೂ ಅದರಲ್ಲಿ ಬರೆಯಿಸಿಕೊಳ್ಳಬೇಕು.