ಪುಸ್ತಕದ ಮುಪ್ಪು, ಹುಡುಗನ ತಪ್ಪು

ಕಳೆದ ಮಳೆಗಾಲದಲ್ಲಿ ಸಂಪಾಜೆಯ ನಮ್ಮ ಪಕ್ಕದ ಮನೆಯ ಹುಡುಗ, ಲ್ಯಾಪ್‌ಟಾಪ್ ನೆನೆಯದಂತೆ ಕೊಡೆ ಹಿಡಿದು, ತಾನು ಒದ್ದೆಯಾಗಿ ಜಗಲಿಗೆ ಬಂದ. ಬಿಸಿಎ ಮೊದಲ ವರ್ಷ. "ಇದು ನನ್ನ ತಲೆಗೆ ಹತ್ತುದಿಲ್ಲ ಮಾವ, ಬಿಡ್ತೇನೆ" ಎಂದ. ಸಿ ಭಾಷೆಯ ಮೊದಲ ಪಾಠದ ಏಳೆಂಟು ಸಾಲು ಟೈಪ್ ಮಾಡಿದ್ದ. ಪುಸ್ತಕದ ಜೊತೆ ಹೋಲಿಸಿದೆ. ಒಂದಕ್ಷರವೂ ತಪ್ಪಿರಲಿಲ್ಲ. ಕಂಪ್ಯೂಟರ್ ಮಾತ್ರ 'ಕಾನಿಯೊ ಡಾಟ್ ಎಚ್' ಎಂಬ ಫೈಲೇ ಇಲ್ಲ ಎಂದು ಹಟ ಹಿಡಿದಿತ್ತು.

ಆ ಪುಸ್ತಕ ಕೊಟ್ಟವನು ನಾನೇ. ನಾನು ಕಲಿತದ್ದು ಅದರಲ್ಲೇ, ಅಂಚಿನಲ್ಲಿ ನನ್ನ ಟಿಪ್ಪಣಿಗಳೂ ಇದ್ದವು. ದಾನ ಮಾಡಿದ ಹೆಮ್ಮೆ ಬೇರೆ!

ಆ ಫೈಲು ಸಿ ಭಾಷೆಯ ಪ್ರಮಾಣಿತ ಭಾಗವೇ ಅಲ್ಲ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಹೊರತಂದ ಟರ್ಬೊ ಸಿಯಂಥ ಡಾಸ್ ಕಾಲದ ಕಂಪೈಲರ್‌ಗಳ ಸ್ವಂತ ಸಾಮಾನು ಅದು. ಹುಡುಗನ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸ್. ಪುಸ್ತಕಕ್ಕೆ ಬಂದ ಮುಪ್ಪನ್ನು ಅವನು ತನ್ನ ದಡ್ಡತನ ಎಂದುಕೊಂಡಿದ್ದ.

"ಓದುವವನು ಗಟ್ಟಿಯಿದ್ದರೆ ಯಾವ ಪುಸ್ತಕವಾದರೇನು?" ಎನ್ನುವವರನ್ನು ಕಂಡರೆ ಅಂದಿನಿಂದ ನನಗೆ ಸಿಟ್ಟು. ಬಲ್ಲವನು ಕೆಟ್ಟ ಸಾಲನ್ನು ದಾಟಿ ಹೋಗುತ್ತಾನೆ. ತಪ್ಪು ತನ್ನದೋ ಪುಸ್ತಕದ್ದೋ ಎಂದು ತಿಳಿಯದವನಿಗೇ ಅಲ್ಲವೇ ನಾವು ಆರಂಭಿಕ ಎನ್ನುವುದು? ಅಡಿಕೆ ಕೊಳ್ಳುವವನು ನಾಲ್ಕು ಕತ್ತರಿಸಿ ನೋಡದೆ ಮೂಟೆ ಎತ್ತುವುದಿಲ್ಲ. ಪುಸ್ತಕ ಕೊಡಿಸುವ ನಾವು ಮೊದಲ ಅಧ್ಯಾಯದ ನಾಲ್ಕು ಪ್ರೋಗ್ರಾಮುಗಳನ್ನು ಆ ಮಗುವಿನ ಯಂತ್ರದಲ್ಲೇ ಓಡಿಸಿ ನೋಡಬಾರದೇ?

ಆಪರೇಟಿಂಗ್ ಸಿಸ್ಟಂ ವಿಷಯದಲ್ಲಂತೂ ಇನ್ನೂ ಅನ್ಯಾಯ. ವ್ಯಾಖ್ಯೆ, ವಿಧಗಳು, ಐದು ಅಂಕದ ಉತ್ತರ. ಈಜು ಕಲಿಸಲು ಹೊಳೆಯ ಚಿತ್ರ ಬಿಡಿಸಿದ ಹಾಗೆ. 1987ರಲ್ಲಿ ಆಂಡ್ರ್ಯೂ ಟನೆನ್‌ಬಾಮ್ ಬರೆದ ಪಠ್ಯ ದಪ್ಪವೇ ಇತ್ತು, ಆದರೆ ಓಡಿಸಿ ನೋಡಲು ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನೂ ಅದರ ಜೊತೆ ಕೊಟ್ಟರು. ಅದನ್ನು ಓದಿ, ಮಿನಿಕ್ಸ್ ಹಾಕಿಕೊಂಡು ಕೆದಕಿದ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರಬಿಟ್ಟ. ಎಂಐಟಿಯ ಎಕ್ಸ್‌ವಿ6 ಕಿರುಪುಸ್ತಕ ಈಗ ಉಚಿತವಾಗಿಯೇ ಸಿಗುತ್ತದೆ, ಅದರ ಪುಟ್ಟ ವ್ಯವಸ್ಥೆಯ ಸಮೇತ. ಇಂಗ್ಲಿಷಿನಲ್ಲಿ, ನಿಜ.

"ಹಾಗಾದರೆ ಮೊದಲು ಇಂಗ್ಲಿಷ್ ಕಲಿಯಲಿ" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ನಮ್ಮೂರ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿಗೆ ಹೋಗಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಅದೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರಕಾರ ಕಂಪ್ಯೂಟರ್ ಪಠ್ಯವನ್ನು ಕನ್ನಡದಲ್ಲೇ ಅಚ್ಚು ಹಾಕಿಸುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಗ್ನೂ ಲಿನಕ್ಸ್, ಹೈಸ್ಕೂಲಿನಲ್ಲಿ ಪೈಥಾನ್. ಪುಸ್ತಕವೂ ಯಂತ್ರವೂ ಒಂದಕ್ಕೊಂದು ಹೊಂದುತ್ತವೆ, ಭಾಷೆಯೂ ಮಗುವಿನದೇ. ಹೊಳೆಯ ಕೆಳಗೆ ಮಲಯಾಳಿ ಸರಕಾರ ಕನ್ನಡದಲ್ಲಿ ಮಾಡಿದ್ದನ್ನು ಹೊಳೆಯ ಮೇಲಿನ ನಾವು ಕನ್ನಡಕ್ಕೆ ಆಗದ ಕೆಲಸ ಎನ್ನುತ್ತ ಕೂತಿದ್ದೇವೆ.

ಹುಡುಗನ ಪ್ರೋಗ್ರಾಮಿನಲ್ಲಿ ಮೂರು ಸಾಲು ಅಳಿಸಿದೆವು. ಓಡಿತು. ಅವನು ನಗಲಿಲ್ಲ. ಒದ್ದೆ ಪುಸ್ತಕ ತಿರುಗಿಸುತ್ತ, "ಮತ್ತೆ ಇದ್ರಲ್ಲಿ ಯಾಕೆ ಹಾಗೆ ಉಂಟು ಮಾವ?" ಎಂದು ಕೇಳಿದ.